ಹಂಡೆ ಉಜ್ಜುವ ಹಬ್ಬದಿಂದ ಐದು ನಕ್ಷತ್ರದವರೆಗೆ



ಮೊನ್ನೆ ಕಾರ್ಯಕ್ರಮ ಮುಗಿಸಿ ಹೆಡ್‌ಫೋನ್ ಕೆಳಗಿಡುವಷ್ಟರಲ್ಲಿ ಠಾಣೆಯಿಂದ ಹಿರಿಯ ಶ್ರೋತೃ ಒಬ್ಬರು ಫೋನ್ ಮಾಡಿದರು. ಹಾಡಿನ ಕೋರಿಕೆ ಇರಬಹುದು ಅಂದುಕೊಂಡೆ. ಅಲ್ಲ! "ಈ ಸಲ ಕರೆಂಟ್ ಬಿಲ್ಲು ದುಪ್ಪಟ್ಟಾಗಿದೆ ಮಾರಾಯರೇ. ಮನೆಯಲ್ಲಿ ಇರೋದು ನಾಲ್ಕೇ ಜನ. ಯಾರು ಎಷ್ಟು ಉರಿಸಿದೆವು ಅಂತ ಒಬ್ಬರಿಗೂ ಗೊತ್ತಿಲ್ಲ. ನಮ್ಮಮ್ಮ ಹಿತ್ತಲಿನ ಸೌದೆ ರಾಶಿ ನೋಡಿಯೇ ಇನ್ನು ಎಷ್ಟು ದಿನ ಬರುತ್ತೆ ಅಂತ ಹೇಳ್ತಿದ್ದರು" ಎಂದರು. ಪಿಂಚಣಿಯಲ್ಲಿ ಬದುಕುವವರ ಆ ಮಾತಿನಲ್ಲಿ ಬೇಸರವೂ ಇತ್ತು, ಒಂದು ಒಳ್ಳೆಯ ಪ್ರಶ್ನೆಯೂ ಇತ್ತು. ಸೌದೆಯ ಲೆಕ್ಕ ಇಟ್ಟ ಮನೆಯಲ್ಲೇ ಕರೆಂಟಿನ ಲೆಕ್ಕ ತಪ್ಪಿದ್ದು ಹೇಗೆ?

ಇಂಧನ ಉಳಿತಾಯ, ಮರುಬಳಕೆ ಎಂಬ ಪದಗಳು ಹೊಸವು. ಕೆಲಸ ಮಾತ್ರ ಹಳೆಯದು. ನಮ್ಮ ಹಿರಿಯರು ಅದನ್ನು ಋತುವಿಗೆ, ಹಬ್ಬಕ್ಕೆ ಕಟ್ಟಿಹಾಕಿದ್ದರು. ಈ ತಿಂಗಳು ಆ ಇತಿಹಾಸವನ್ನೇ ಒಂದು ಸುತ್ತು ಹಾಕಿ ಬರೋಣ. ದಾರಿಯಲ್ಲಿ ಮನೆಗೆ ಬೇಕಾದ ನಾಲ್ಕು ಉಪಾಯಗಳೂ ಸಿಗುತ್ತವೆ.

ನೀರು ತುಂಬುವ ಹಬ್ಬ

ದೀಪಾವಳಿಯ ನರಕ ಚತುರ್ದಶಿಗೆ ಮುನ್ನಾದಿನ ನಮ್ಮ ಕಡೆ ನೀರು ತುಂಬುವ ಹಬ್ಬ. ಬಚ್ಚಲಿನ ತಾಮ್ರದ ಹಂಡೆಯನ್ನು ಒಲೆಯಿಂದ ಇಳಿಸಿ, ಹುಣಿಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹೂವೋ ಬಳ್ಳಿಯೋ ಸುತ್ತಿ, ಹೊಸ ನೀರು ತುಂಬುತ್ತಿದ್ದರು. ಮರುದಿನ ಬೆಳಗಿನ ಜಾವ ಎಣ್ಣೆಸ್ನಾನ.

ಪೂಜೆಯ ಮಾತು ಒಂದೆಡೆ ಇರಲಿ, ಉಪಯೋಗದ ದೃಷ್ಟಿಯಿಂದ ನೋಡಿ. ಗಡಸು ನೀರು ಕಾದಂತೆ ಹಂಡೆಯ ಒಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಹೊರಗೆ ಮಸಿ ಕಟ್ಟುತ್ತದೆ. ಎರಡೂ ಬೆಂಕಿಯ ಶಾಖವನ್ನು ನೀರಿಗೆ ತಲುಪಲು ಬಿಡುವುದಿಲ್ಲ. ಚಳಿಗಾಲ ಶುರುವಾಗುವ ಹೊತ್ತಿಗೆ, ಬಿಸಿನೀರು ಹೆಚ್ಚು ಬೇಕಾಗುವ ಮುನ್ನ ಹಂಡೆಯನ್ನು ತಿಕ್ಕಿದರೆ ಸೌದೆ ಉಳಿಯುತ್ತದೆ. ಇಂದು ಗೀಸರಿನ ಒಳಗಿನ ಕಾಯಿಲ್ ಮೇಲೆ ಕೂಡುವುದೂ ಅದೇ ಸುಣ್ಣದ ಪೊರೆ. ಆದರೆ ಗೀಸರ್ ಬಿಚ್ಚಿ ತೊಳೆಸುವುದಕ್ಕೆ ನಮ್ಮ ಕ್ಯಾಲೆಂಡರಿನಲ್ಲಿ ಹಬ್ಬ ಇಲ್ಲ!

ಹಂಡೆಯ ಕಾಲದಲ್ಲಿ ಎಲ್ಲವೂ ಕಣ್ಣೆದುರೇ ಇತ್ತು. ತೆಂಗಿನ ಗರಿ, ಕರಟ, ಅಡಿಕೆ ಸಿಪ್ಪೆ, ಸೌದೆ... ಎಲ್ಲವನ್ನೂ ಯಾರೋ ಹೊತ್ತು ತರಬೇಕಿತ್ತು. ಹೆಚ್ಚಾಗಿ ಹೆಂಗಸರೇ. ಬೆನ್ನು ನೋಯುವುದರಿಂದ ಲೆಕ್ಕ ಇರುತ್ತಿತ್ತು. ಹೊಗೆಗೆ ಕಣ್ಣು ಉರಿಯುತ್ತಿತ್ತು. ಆ ಕಾಲ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಅವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದ್ದು, ಅವರ ತಂಡ ತುಮಕೂರು ಜಿಲ್ಲೆಯ ಉಂಗ್ರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸೌದೆಯ ಲೆಕ್ಕ ಹಿಡಿದದ್ದು, ಕಡಿಮೆ ಸೌದೆಯಲ್ಲಿ ಅಡುಗೆಯಾಗಿ ಹೊಗೆ ಕೊಳವೆಯಲ್ಲಿ ಹೊರಹೋಗುವ 'ಅಸ್ತ್ರ ಒಲೆ' ರೂಪಿಸಿದ್ದು ಆ ಹೆಂಗಸರ ಕಷ್ಟ ನೋಡಿಯೇ.

147 ಕಿಲೋಮೀಟರ್ ದೂರದ ಒಲೆ

ಇಂಧನ ನಮ್ಮ ಕಣ್ಣಿಂದ ಮರೆಯಾದದ್ದು ಯಾವಾಗ? ಕನ್ನಡ ನಾಡಿನಲ್ಲಿ ಇದಕ್ಕೆ ಒಂದು ಇಸವಿ ಹೇಳಬಹುದು. 1902ರ ಜೂನ್. ಕಾವೇರಿ ಧುಮುಕುವ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿ ತಲುಪಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಇತ್ತ ನಮ್ಮ ಮುಂಬಯಿಯಲ್ಲಿ 1907ರಲ್ಲಿ ಕರೆಂಟಿನ ಟ್ರಾಮ್ ಓಡಿತು. 1915ರಲ್ಲಿ ಖೋಪೋಲಿಯ ಟಾಟಾ ಜಲವಿದ್ಯುತ್ ಘಾಟಿಯಿಂದ ಇಳಿದು ಗಿರಣಿಗಳಿಗೆ ಬಂತು.

ಒಲೆ ಈಗ 147 ಕಿಲೋಮೀಟರ್ ಆಚೆ! ಗುಂಡಿ ಒತ್ತಿದವನಿಗೆ ಸೌದೆ ಕಾಣುವುದಿಲ್ಲ, ಬೂದಿಯೂ ಕಾಣುವುದಿಲ್ಲ.

ಆದರೂ ಋತು ಮಾತ್ರ ಬಿಡಲಿಲ್ಲ. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಶಿವನಸಮುದ್ರದಲ್ಲಿ ವಿದ್ಯುತ್ತೂ ಬಡವಾಗುತ್ತಿತ್ತು. ಗಣಿಗಳಿಗೆ ವರ್ಷವಿಡೀ ಒಂದೇ ಸಮನೆ ವಿದ್ಯುತ್ ಕೊಡಬೇಕು ಎಂಬುದೂ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಒಂದು ಕಾರಣ. ವಿಶ್ವೇಶ್ವರಯ್ಯನವರ ಆ ಕಟ್ಟೆಯನ್ನು ನಾವು ಭತ್ತ, ಕಬ್ಬಿನ ಜೊತೆ ನೆನೆಯುತ್ತೇವೆ. ಬೇಸಿಗೆಯ ಕರೆಂಟೂ ಅದರ ಕಥೆಯಲ್ಲಿದೆ.

ಬೇಸಿಗೆ: ದೆಹಲಿಯ ಕತ್ತಲೆ, ಹೈದರಾಬಾದಿನ ಸುಣ್ಣ

ದೆಹಲಿಯ ಶ್ರೋತೃಗಳು 2012ರ ಜುಲೈ ಕೊನೆಯನ್ನು ಮರೆತಿರಲಾರರು. 30ರ ನಸುಕಿನಲ್ಲಿ ಉತ್ತರದ ಗ್ರಿಡ್ ಕುಸಿಯಿತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್‌ಗಳು ಕುಸಿದವು. ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶದಲ್ಲಿ ಕರೆಂಟಿಲ್ಲ. ಮೆಟ್ರೋ ನಿಂತಿತು, ರೈಲುಗಳು ನಿಂತವು. ಆ ವರ್ಷ ಮುಂಗಾರು ತಡವಾಗಿ ಹೊಲದ ಪಂಪುಗಳೂ ಮನೆಯ ಕೂಲರುಗಳೂ ಒಟ್ಟಿಗೆ ಎಳೆಯುತ್ತಿದ್ದವು. ಕೆಲವು ಮಾರ್ಗಗಳು ಸಾಮರ್ಥ್ಯ ಮೀರಿ ಹೊತ್ತಿದ್ದವು. 2024ರ ಬೇಸಿಗೆಯಲ್ಲಂತೂ ದೆಹಲಿ ಒಂದೇ ನಗರದ ಬೇಡಿಕೆ ಮೊದಲ ಬಾರಿಗೆ 8,000 ಮೆಗಾವ್ಯಾಟ್ ದಾಟಿತು.

ಒಂದೂವರೆ ಟನ್ನಿನ ಹಳೆಯ ಎಸಿಯ ಕಂಪ್ರೆಸರ್ ಓಡುವಾಗ ಸುಮಾರು 1,500 ವ್ಯಾಟ್ ಎಳೆಯುತ್ತದೆ. ಅಂದರೆ 75 ವ್ಯಾಟಿನ 20 ಫ್ಯಾನು ಒಟ್ಟಿಗೆ ತಿರುಗಿದ ಹಾಗೆ. ಗೋಡೆಯ ಮೇಲಿನ ಪೆಟ್ಟಿಗೆ ಅದನ್ನು ಹೇಳುವುದಿಲ್ಲ. ಕಾಣದ್ದನ್ನು ಕಾಣಿಸುವ ಪ್ರಯತ್ನವೇ ನಕ್ಷತ್ರದ ಚೀಟಿ. 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂತು. 2002ರ ಮಾರ್ಚ್‌ನಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. 2006ರಲ್ಲಿ ಫ್ರಿಜ್ಜು, ಟ್ಯೂಬ್‌ಲೈಟುಗಳ ಮೇಲೆ ನಕ್ಷತ್ರಗಳು ಮೂಡಿದವು. 2023ರಿಂದ ಸೀಲಿಂಗ್ ಫ್ಯಾನಿಗೂ ಕಡ್ಡಾಯವಾಯಿತು. 2020ರ ಜನವರಿಯಿಂದ ಹೊಸ ಎಸಿಗಳು ತಾವಾಗಿ 24 ಡಿಗ್ರಿಯಲ್ಲೇ ಶುರುವಾಗುವಂತೆ ನಿಯಮ ಮಾಡಿದರು. ಉಷ್ಣತೆಯನ್ನು ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆ ಎಂಬುದು ಬ್ಯೂರೋ ಲೆಕ್ಕ.

ಒಂದು ಸೂಕ್ಷ್ಮ ಗಮನಿಸಿ. ನಕ್ಷತ್ರದ ಅಳತೆಗೋಲನ್ನು ಆಗಾಗ ಬಿಗಿ ಮಾಡುತ್ತಾರೆ. ಹತ್ತು ವರ್ಷದ ಹಿಂದಿನ ಐದು ನಕ್ಷತ್ರ ಇಂದಿನ ಐದಕ್ಕೆ ಸಮವಲ್ಲ. ಅಂಗಡಿಯಲ್ಲಿ ನಕ್ಷತ್ರ ಎಣಿಸಿದರೆ ಸಾಲದು, ಚೀಟಿಯ ಮೇಲಿನ ಇಸವಿ ಮತ್ತು ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿಯನ್ನೂ ಓದಿ.

ಫ್ಯಾನಿನ ಲೆಕ್ಕ ಇನ್ನೂ ಸರಳ. 75 ವ್ಯಾಟಿನ ಹಳೆ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 11 ಯೂನಿಟ್ಟಿನೊಳಗೆ. ಮನೆಯಲ್ಲಿ ಮೂರು ಫ್ಯಾನಿದ್ದರೆ ನೀವೇ ಗುಣಿಸಿ ನೋಡಿ.

ಇನ್ನು ಸುಣ್ಣ! ಯುಗಾದಿಗೆ ಮುಂಚೆ ಊರಿನ ಮನೆಗೆ ಸುಣ್ಣ ಬಳಿಯುತ್ತಿದ್ದದ್ದು ನೆನಪಿದೆಯೇ? ಹಬ್ಬದ ಶೋಭೆ ಅದು. ಜೊತೆಗೆ ಬಿಸಿಲು ಏರುವ ಮುನ್ನ ಗೋಡೆ ಬೆಳ್ಳಗಾಗುತ್ತಿತ್ತು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ನುಂಗುತ್ತದೆ. 2023ರ ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ ತೆಲಂಗಾಣ ಸರ್ಕಾರ ತಂಪು ಛಾವಣಿಗೆಂದೇ ಒಂದು ನೀತಿ ಪ್ರಕಟಿಸಿತು. ಛಾವಣಿಗೆ ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿ ಲೇಪ ಅಥವಾ ಹೆಂಚು ಹಾಕಿ ಎಂಬುದು ಅದರ ಸಾರ. ಮೇಲಿನ ಮಹಡಿಯಲ್ಲಿ ಇರುವವರು ಸೊಸೈಟಿಯ ಸಭೆಯಲ್ಲಿ ಫೆಬ್ರವರಿಯಲ್ಲೇ ಈ ಮಾತು ಎತ್ತಿ. ಮೇ ತಿಂಗಳಲ್ಲಿ ಎತ್ತಿದರೆ ಆ ವರ್ಷದ ಬಿಲ್ಲು ಬಂದಾಗಿರುತ್ತದೆ.

ಮಳೆಗಾಲ: ಚೆನ್ನೈನ ನೀರು

ಮಳೆಗೂ ಕರೆಂಟಿಗೂ ಏನು ಸಂಬಂಧ ಅನ್ನಬಹುದು. ಚೆನ್ನೈ ಕನ್ನಡಿಗರನ್ನು ಕೇಳಿ. 2003ರಲ್ಲಿ ತಮಿಳುನಾಡು ಸರ್ಕಾರ ಹೊಸ ಹಳೆ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಮನೆಮನೆಯ ಛಾವಣಿಯಿಂದ ಪೈಪು ಇಳಿದು ಇಂಗುಗುಂಡಿ ಸೇರಿತು. ನಂತರದ ಮಳೆಗಳಲ್ಲಿ ಅನೇಕ ಬಾವಿಗಳಿಗೆ ಜೀವ ಬಂತು. ಆಮೇಲೆ? ಗುಂಡಿ ನೆಲದ ಕೆಳಗಿನದು, ಕಣ್ಣಿಗೆ ಬೀಳುವುದಿಲ್ಲ. ಎಷ್ಟೋ ಕಡೆ ಹೂಳು ತುಂಬಿತು, ಪೈಪು ಮುರಿಯಿತು, ಯಾರೂ ನೋಡಲಿಲ್ಲ. 2019ರ ಬೇಸಿಗೆಯಲ್ಲಿ ಕೆರೆಗಳು ಬತ್ತಿ, ಜುಲೈನಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ಚೆನ್ನೈಗೆ ನೀರು ತರಬೇಕಾಯಿತು. ಮೊದಲ ರೈಲು ತಂದದ್ದು 25 ಲಕ್ಷ ಲೀಟರ್.

ಈ ನಗರಕ್ಕೆ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳೂ ಇವೆ. ಮಿಂಜೂರಿನದು 2010ರಲ್ಲಿ, ನೆಮ್ಮೇಲಿಯದು 2013ರಲ್ಲಿ ಆರಂಭವಾಯಿತು. ಉಪ್ಪು ತೆಗೆದ 1,000 ಲೀಟರ್ ನೀರಿಗೆ ಸುಮಾರು 3ರಿಂದ 4 ಯೂನಿಟ್ ವಿದ್ಯುತ್ ಬೇಕು. ಬೋರ್‌ವೆಲ್ ಆಳಕ್ಕಿಳಿದಷ್ಟೂ ಪಂಪು ಹೆಚ್ಚು ಕರೆಂಟು ತಿನ್ನುತ್ತದೆ. ಹೀಗೆ ಪ್ರತಿ ಕೊಡದ ಹಿಂದೆಯೂ ಒಂದು ಮೀಟರ್ ತಿರುಗುತ್ತಿರುತ್ತದೆ. ಮಳೆನೀರು ಒಂದೇ ಪುಕ್ಕಟೆಯಾಗಿ ಛಾವಣಿಯ ಮೇಲೇ ಬಂದು ಬೀಳುವುದು.

ಉಪಾಯ ಇಷ್ಟೇ. ಮುಂಬಯಿ, ಪುಣೆಯವರು ಮೇ ತಿಂಗಳಲ್ಲಿ, ಚೆನ್ನೈಯವರು ಸೆಪ್ಟೆಂಬರಿನಲ್ಲಿ ಛಾವಣಿ ಗುಡಿಸಿ, ಪೈಪಿನ ಜಾಲರಿ ತೊಳೆದು, ಇಂಗುಗುಂಡಿಯ ಹೂಳು ತೆಗೆಸಿ. ಮೇಲಿನ ಟ್ಯಾಂಕು ತುಂಬಿ ಚೆಲ್ಲದಂತೆ ತೇಲುಗುಂಡು ಸರಿಯಿದೆಯೇ ನೋಡಿ. ಚೆಲ್ಲಿ ಹೋದ ನೀರನ್ನು ಮೇಲಕ್ಕೆ ಎತ್ತಿದ ಕರೆಂಟೂ ಅದರ ಜೊತೆಯೇ ಹೋಗುತ್ತದೆ.

ದೀಪಾವಳಿ: ಬಲ್ಬು ಮತ್ತು ರದ್ದಿ

ಬೆಂಗಳೂರಿನ ಮಲ್ಲೇಶ್ವರದಲ್ಲಿ 1936ರಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಆರಂಭವಾಯಿತು. ನಮ್ಮಲ್ಲಿ ಎಷ್ಟೋ ಜನ ಅಲ್ಲಿನ ಬಲ್ಬಿನ ಹಳದಿ ಬೆಳಕಿನಲ್ಲಿ ಮಗ್ಗಿ ಕಲಿತವರು. ಪ್ರೀತಿಯ ಬೆಳಕು ನಿಜ. ಆದರೆ ಆ ಜಾತಿಯ ಬಲ್ಬು ಎಳೆದ ನೂರು ಪಾಲಿನಲ್ಲಿ ಬೆಳಕಾಗುತ್ತಿದ್ದದ್ದು ಐದು ಪಾಲಿನಷ್ಟು. ಉಳಿದದ್ದು ಶಾಖ. ಮುಟ್ಟಿ ಕೈ ಸುಟ್ಟುಕೊಂಡವರಿಗೆ ಗೊತ್ತು!

ಆಮೇಲೆ ಸಿಎಫ್ಎಲ್ ಬಂತು, ಅದರ ಹಿಂದೆಯೇ ಎಲ್ಇಡಿ. ನೀಲಿ ಎಲ್ಇಡಿ ರೂಪಿಸಿದ ಮೂವರು ಜಪಾನ್ ಮೂಲದ ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾಯಿತು. ಸಗಟಾಗಿ ಕೊಂಡದ್ದರಿಂದ 300 ರೂಪಾಯಿ ಆಸುಪಾಸಿನಲ್ಲಿದ್ದ ಬಲ್ಬಿನ ಖರೀದಿ ಬೆಲೆ ಎರಡು ಮೂರು ವರ್ಷದಲ್ಲಿ 40ರ ಒಳಗೆ ಇಳಿಯಿತು. ಆ ಯೋಜನೆಯಲ್ಲಿ ಹಂಚಿದ ಬಲ್ಬುಗಳು 36 ಕೋಟಿಗೂ ಹೆಚ್ಚು. 60 ವ್ಯಾಟಿನ ಹಳೆ ಬಲ್ಬಿನಷ್ಟು ಬೆಳಕನ್ನು 9 ವ್ಯಾಟಿನ ಎಲ್ಇಡಿ ಕೊಡುತ್ತದೆ. ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 9 ಯೂನಿಟ್ ಇದ್ದದ್ದು ಒಂದೂವರೆಯೊಳಗೆ ಬರುತ್ತದೆ. ಹಳೆಯ ಸಿಎಫ್ಎಲ್, ಟ್ಯೂಬ್‌ಲೈಟುಗಳಲ್ಲಿ ಪಾದರಸ ಇರುತ್ತದೆ. ಒಡೆಯಬೇಡಿ, ಮನೆಯ ಕಸದ ಜೊತೆ ಎಸೆಯಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ.

ದೀಪಾವಳಿ ಎಂದರೆ ಮನೆ ಗುಡಿಸುವ ಕಾಲವೂ ಹೌದು. ಅಟ್ಟದ ಮೇಲಿನ ರದ್ದಿ, ಡಬ್ಬ, ಬಾಟಲಿ ಎಲ್ಲ ಕೆಳಗಿಳಿಯುತ್ತದೆ. ಇವೂ ಇಂಧನವೇ! ಅದಿರಿನಿಂದ ತೆಗೆದ ಒಂದು ಕಿಲೋ ಅಲ್ಯೂಮಿನಿಯಂ ಕರಗಿಸಿ ಪಡೆಯಲು ಸುಮಾರು 15 ಯೂನಿಟ್ ವಿದ್ಯುತ್ ಬೇಕು. ಹಳೆಯ ಪಾತ್ರೆ ಕರಗಿಸಿ ಮತ್ತೆ ಲೋಹ ಮಾಡಲು ಅದರ ಇಪ್ಪತ್ತನೆಯ ಒಂದು ಭಾಗದಷ್ಟು ಶಕ್ತಿ ಸಾಕು. ಗುಜರಿಗೆ ಕೊಟ್ಟ ಒಂದು ಹಳೆ ದಬರಿಯಲ್ಲಿ ಎಷ್ಟು ಕರೆಂಟು ಅಡಗಿದೆ ನೋಡಿ.

ಆ ದಬರಿ ಎಲ್ಲಿಗೆ ಹೋಗುತ್ತದೆ? ಬಾಗಿಲು ಹಾಕಿದ ಮೇಲೆ ನಾವು ಯೋಚಿಸುವುದಿಲ್ಲ. ಇಲ್ಲಿ ಪುಣೆಯ ಹೆಂಗಸರ ಕಥೆ ಹೇಳಲೇಬೇಕು. 1972ರ ಬರಗಾಲದಲ್ಲಿ ಮರಾಠವಾಡ ಕಡೆಯ ಎಷ್ಟೋ ಬಡ ಕುಟುಂಬಗಳು ಪುಣೆಗೆ ಬಂದವು. ಅವರಲ್ಲಿ ಅನೇಕರು ದಲಿತ ಹೆಂಗಸರು. ಬೇರೆ ಕೆಲಸ ಸಿಗದೆ ಕಸದ ತೊಟ್ಟಿಯಿಂದ ಕಾಗದ, ಗಾಜು, ತಗಡು ಆಯ್ದು ಮಾರಿ ಬದುಕಿದರು. ಜನ ಅವರನ್ನು ಕಳ್ಳರೆಂದು ಅನುಮಾನಿಸಿದರು, ಕೊಳಕರೆಂದು ದೂರ ಇಟ್ಟರು. 1993ರಲ್ಲಿ ಅವರು 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘ ಕಟ್ಟಿದರು. ಹಮಾಲರ ನಾಯಕ ಬಾಬಾ ಆಢಾವ್ ಅವರ ಬೆಂಬಲ ಇತ್ತು. ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಕಾರ್ಯಕರ್ತರು ಜೊತೆಗಿದ್ದರು. ತಾವು ಆಯ್ದುಕೊಂಡಷ್ಟೂ ಪಾಲಿಕೆಗೆ ಕಸ ಸಾಗಿಸುವ ಖರ್ಚು ಉಳಿಯುತ್ತದೆ, ಆದ್ದರಿಂದ ನಾವೂ ನಗರದ ಕೆಲಸಗಾರರೇ ಎಂಬುದು ಅವರ ವಾದ. ಫೋಟೋ ಇರುವ ಗುರುತಿನ ಚೀಟಿ ಪಡೆದರು. ಅವರದೇ 'ಸ್ವಚ್ಛ್' ಸಹಕಾರಿ ಸಂಸ್ಥೆ 2000ರ ದಶಕದ ಕೊನೆಗೆ ಮನೆಬಾಗಿಲಿನಿಂದ ಕಸ ಸಂಗ್ರಹಿಸುವ ಕೆಲಸಕ್ಕೆ ಇಳಿಯಿತು.

ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರೂ ಇದೇ ದಶಕದವರು. ನಗರಗಳ ಕಸ ಊರ ಹೊರಗೆ ಬಯಲಲ್ಲಿ ಸುರಿಯುವುದನ್ನು ಪ್ರಶ್ನಿಸಿ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2000ದಲ್ಲಿ ದೇಶಕ್ಕೆ ಘನತ್ಯಾಜ್ಯ ನಿಯಮಗಳು ಬಂದದ್ದರ ಹಿಂದೆ ಆ ಅರ್ಜಿ ಇದೆ. ಮನೆಯಲ್ಲೇ ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಬೇರೆ ಮಾಡಿ ಎಂದು 2016ರ ನಿಯಮಗಳು ಹೇಳಿದವು. ಅದೇ 2016ರ ಜನವರಿಯಲ್ಲಿ ಮುಂಬಯಿಯ ದೇವನಾರ್ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ಹೊಗೆ ಉಪಗ್ರಹದ ಚಿತ್ರದಲ್ಲೂ ಕಂಡಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಮರೆಮಾಡಿದ್ದು ಹೀಗೂ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ದೀಪಾವಳಿಯ ಉಪಾಯ ಬೆಲೆಯ ಮಾತಷ್ಟೇ ಅಲ್ಲ, ಮರ್ಯಾದೆಯ ಮಾತು. ಸಾರು ತಾಗಿದ ಕಾಗದಕ್ಕೆ ಬೆಲೆ ಇಲ್ಲ, ಒಣಗಿದ್ದಕ್ಕೆ ಇದೆ. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಗುರುತು ಹಾಕಿ. ಸ್ಯಾನಿಟರಿ ಪ್ಯಾಡ್, ಡೈಪರ್‌ಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ಮೇಲೆ ಒಂದು ಕೆಂಪು ಚುಕ್ಕೆ ಇಡಿ. ಪುಣೆಯ ಆ ಹೆಂಗಸರೇ ಕೇಳಿಕೊಂಡ ಉಪಕಾರ ಇದು. ನಮ್ಮ ಕಸವನ್ನು ಬಿಚ್ಚುವುದು ಇನ್ನೊಬ್ಬರ ಬರಿಗೈ.

ಚಳಿಗಾಲ: ಬಿಸಿನೀರು ಮತ್ತು ಕೌದಿ

20 ಡಿಗ್ರಿಯಲ್ಲಿರುವ ಒಂದು ಬಕೆಟ್ಟು, ಅಂದರೆ 20 ಲೀಟರ್ ನೀರನ್ನು ಸ್ನಾನದ 40 ಡಿಗ್ರಿಗೆ ತರಲು ಸುಮಾರು ಅರ್ಧ ಯೂನಿಟ್ ಬೇಕು. ನಾಲ್ಕು ಜನ ಸ್ನಾನ ಮಾಡಿದರೆ ಎರಡು ಯೂನಿಟ್. ದೆಹಲಿಯ ಜನವರಿಯಲ್ಲಿ ನೀರು ಇನ್ನೂ ತಣ್ಣಗಿರುವುದರಿಂದ ಇನ್ನಷ್ಟು. ಗೀಸರನ್ನು ದಿನವಿಡೀ ಆನ್ ಇಟ್ಟರೆ ನೀರು ತಣಿಯುತ್ತಾ, ಮತ್ತೆ ಕಾಯುತ್ತಾ ಕರೆಂಟು ಸುಮ್ಮನೆ ಸೋರುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ ಆರಿಸಿಬಿಡಿ. ಥರ್ಮೋಸ್ಟಾಟನ್ನು 50 ಡಿಗ್ರಿ ಆಸುಪಾಸಿಗೆ ಇಳಿಸಿ. ಅಕ್ಟೋಬರಿನಲ್ಲಿ ಮೆಕ್ಯಾನಿಕ್ ಕರೆಸಿ ಕಾಯಿಲ್ಲಿನ ಸುಣ್ಣ ತೆಗೆಸಿ. ಸ್ವಂತ ಛಾವಣಿ ಇದ್ದವರಿಗೆ ಸೌರ ಹೀಟರು ಇದೆ. ಬೆಂಗಳೂರಿನ ಮನೆಗಳ ಮೇಲೆ ಸಾಲುಸಾಲಾಗಿ ಕಾಣುವ ಆ ಓರೆ ಪೆಟ್ಟಿಗೆಗಳು ನಮ್ಮ ಹಂಡೆಯ ಮೊಮ್ಮಕ್ಕಳೇ.

ರಾತ್ರಿಯ ಚಳಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಇತ್ತು. ಹರಿದ ಸೀರೆ, ಪಂಚೆ, ಮಕ್ಕಳ ಅಂಗಿ, ಎಲ್ಲ ತುಂಡುಗಳನ್ನೂ ಪದರ ಪದರವಾಗಿ ಇಟ್ಟು ಹೊಲಿದ ಹೊದಿಕೆ. ಪದರಗಳ ನಡುವೆ ಸಿಕ್ಕ ಗಾಳಿಯೇ ಬೆಚ್ಚಗಿಡುತ್ತದೆ. ಮರುಬಳಕೆ, ಉಳಿತಾಯ ಎರಡೂ ಒಂದೇ ಸೂಜಿಯಲ್ಲಿ! ಸಂಕ್ರಾಂತಿಯ ಮುನ್ನಾದಿನ ಚೆನ್ನೈನಲ್ಲಿ ಭೋಗಿ. ಹಳೆಯದನ್ನು ಸುಡುವ ಸಂಪ್ರದಾಯ. ಹಿಂದೆ ಒಣಹುಲ್ಲು, ಹಳೆ ಚಾಪೆ ಇತ್ತು. ಟಯರು, ಪ್ಲಾಸ್ಟಿಕ್ ಸೇರಿದ ಮೇಲೆ ಅದು ವಿಷವಾಯಿತು. 2018ರ ಭೋಗಿಯಂದು ಹೊಗೆಮಂಜಿನಿಂದ ಚೆನ್ನೈನಲ್ಲಿ ವಿಮಾನಗಳೇ ತಡವಾದವು. ಹಳೆಯದನ್ನು ಬಿಡುವುದು ಹಬ್ಬವಾದರೆ, ಆಯುವವರ ಕೈಗೆ ಕೊಟ್ಟು ಬಿಡೋಣ.

ಕೊನೆಗೆ...

ಠಾಣೆಯ ಹಿರಿಯರಿಗೆ ನಾನು ಹೇಳಿದ ಉಪಾಯ ಇದು. ಪ್ರತಿ ಭಾನುವಾರ ಬೆಳಿಗ್ಗೆ ಮೀಟರಿನ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮಗ, ಸೊಸೆ, ಮೊಮ್ಮಗ ಎಲ್ಲರ ಕಣ್ಣಿಗೂ ಬೀಳಲಿ. ಮೂರು ವಾರ ಕಳೆದು ಮತ್ತೆ ಫೋನ್ ಬಂತು. ಟಿವಿಯ ಪಕ್ಕದ ಪೆಟ್ಟಿಗೆ ಹಗಲೂ ರಾತ್ರಿ ಆನ್ ಇರುತ್ತಿತ್ತಂತೆ. 10 ವ್ಯಾಟ್ ಎಂದರೂ ತಿಂಗಳಿಗೆ 7 ಯೂನಿಟ್. ಗೀಸರಿನ ಸ್ವಿಚ್ಚು ಆರಿಸುವುದನ್ನು ಯಾರೋ ಮರೆಯುತ್ತಿದ್ದರಂತೆ. "ಯಾರು ಅಂತ ಹೇಳಲ್ಲ, ನಾನೇ ಇರಬಹುದು!" ಎಂದು ನಕ್ಕರು. "ಈಗ ಮೊಮ್ಮಗನೇ ಭಾನುವಾರ ಅಂಕಿ ಬರೀತಾನೆ. ನಮ್ಮಮ್ಮನ ಸೌದೆ ರಾಶಿ ವಾಪಸ್ ಬಂದ ಹಾಗಾಯ್ತು."

ನಿಮ್ಮ ಮನೆಯ ಕ್ಯಾಲೆಂಡರಿಗೆ ಇಷ್ಟು ಬರೆದುಕೊಳ್ಳಿ. ಫೆಬ್ರವರಿಯಲ್ಲಿ ಛಾವಣಿ ಮತ್ತು ಎಸಿಯ ಫಿಲ್ಟರು. ಮಳೆಗೆ ಮುಂಚೆ ಪೈಪು ಮತ್ತು ಇಂಗುಗುಂಡಿ. ದೀಪಾವಳಿಗೆ ಬಲ್ಬು, ರದ್ದಿ, ಗೀಸರು. ಸಂಕ್ರಾಂತಿಗೆ ಹಳೆ ಬಟ್ಟೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇನ್ನೂ ನೀರು ತುಂಬುವ ಹಬ್ಬ ನಡೆಯುತ್ತಿದ್ದರೆ, ಫ್ಲ್ಯಾಟಿನಲ್ಲಿ ಬಕೆಟ್ಟಿಗೇ ಹೂ ಮುಡಿಸುತ್ತಿದ್ದರೂ ಸರಿ, ಬರೆದು ತಿಳಿಸಿ. ಕಾರ್ಯಕ್ರಮದಲ್ಲಿ ಓದುತ್ತೇವೆ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ. ರೇಡಿಯೋ ಕೇಳಿ ಮುಗಿದ ಮೇಲೆ ಸ್ವಿಚ್ ಆರಿಸುವುದನ್ನು ಮರೆಯಬೇಡಿ!